ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಪಾನವರ್ಜನದ ಸಭೆಗಳು: ಕೆಲವು ವಿಚಾರಗಳು

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯು ಇತಿಹಾಸದ ಅಭ್ಯಾಸಿಗಳಿಗೆ ಅಪರಿಚಿತವಾದುದಲ್ಲ. ಚಾಲುಕ್ಯ ರಾಜಪುತ್ರಿ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದ ಸಂಗತಿ ಸೂಡಿಯ ಶಾಸನಗಳಿಂದ ತಿಳಿದುಬರುತ್ತದೆ. 1787ರಲ್ಲಿ ಟಿಪ್ಪುಸುಲ್ತಾನನಿಗೂ ಮರಾಠರಿಗೂ ಆದ ಒಪ್ಪಂದವು ಗಜೇಂದ್ರಗಡದ ಹೆಸರನ್ನು ಹೊತ್ತಿದೆ. 1858ರಲ್ಲಿ ನರಗುಂದದ ಬಾಬಾಸಾಹೇಬ ಭಾವೆಯವರು ಕಂಪನಿ ಸರಕಾರದ ಮೇಲೆ ಎದ್ದ ಕಥೆ, 1980ರ ಜುಲೈಯಲ್ಲಿ ಅದೇ ನರಗುಂದದ ರೈತರು ಎದ್ದ ಕಥೆ, ಇವೆರಡೂ ನಮ್ಮ ವಿದ್ಯಾರ್ಥಿಗಳಿಗೆ ಪಾಠವಾಗಿವೆ. ದಾನ, ಯುದ್ಧ, ಒಪ್ಪಂದ, ಬಂಡಾಯ ಇವೆಲ್ಲವುಗಳಿಗೆ ಆಧಾರಗಳುಂಟು. ಆದರೆ ಇದೇ ಎರೆಭೂಮಿಯ ಊರುಗಳಲ್ಲಿ ಯಾವನೋ ಒಬ್ಬನು ಒಂದು ಸಾಯಂಕಾಲ ಸೆರೆಯ ಅಂಗಡಿಯ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿದನೆಂಬುದಕ್ಕೆ ಶಿಲೆಯಲ್ಲಾಗಲಿ ಕಡತದಲ್ಲಾಗಲಿ ಆಧಾರವಿಲ್ಲ. ಹಾಗೆ ಬಿಟ್ಟವನು ಎಲ್ಲಿಗೆ ಹೋಗಿ ಯಾರೊಡನೆ ಕುಳಿತನು? ಪ್ರಸ್ತುತ ಲೇಖನದಲ್ಲಿ ನಾವು ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಹೊರಟಿದ್ದೇವೆ. ಪ್ರಶ್ನೆ ಸಣ್ಣದೆಂದು ತೋರಬಹುದು. ಮದ್ಯದ ಇತಿಹಾಸವನ್ನು ಬರೆದವರು ಮಾರಿದವನನ್ನೂ ತೆರಿಗೆ ಎತ್ತಿದವನನ್ನೂ ನಿಷೇಧಿಸಿದವನನ್ನೂ ಕುರಿತು ಧಾರಾಳವಾಗಿ ಬರೆದಿರುವುದರಿಂದ, ಬಿಟ್ಟವನ ಮಾತು ಉಳಿದುಹೋಗಿದೆ.

ಮೊದಲು ಒಂದೆರಡು ಶಬ್ದಗಳನ್ನು ಕುರಿತು ಹೇಳುವುದು ಅಪ್ರಸ್ತುತವಾಗಲಾರದು. ಈ ಭಾಗದಲ್ಲಿ ಬಟ್ಟಿಯಿಳಿಸಿದ ಮದ್ಯಕ್ಕೆ 'ಸೆರೆ' ಎಂದೂ ಈಚಲು ಮರದಿಂದ ಇಳಿಸಿದುದಕ್ಕೆ 'ಶಿಂದಿ' ಎಂದೂ ಜನರು ಹೇಳುತ್ತಾರೆ. ಬಂಧನವೆಂಬ ಅರ್ಥದ 'ಸೆರೆ'ಯೂ ಇದೂ ಇಂದಿನ ಉಚ್ಚಾರದಲ್ಲಿ ಒಂದೇ ಆಗಿರುವುದರಿಂದ ಉಪದೇಶಕರಿಗೆ ಒಂದು ಸುಲಭವಾದ ಶ್ಲೇಷೆ ದೊರಕಿದೆ. ಆದರೆ ಬಂಧನಾರ್ಥದ ಶಬ್ದಕ್ಕೆ ಹಳಗನ್ನಡದಲ್ಲಿ ಶಕಟರೇಫವಿದ್ದುದರಿಂದ ಇವು ಒಂದೇ ಬೇರಿನವೆಂದು ಹೇಳಲಾಗದು. ಇನ್ನು 'ಅಬಕಾರಿ' ಎಂಬುದು ಪಾರಸಿಯಿಂದ ಬಂದುದು. 'ಆಬ್' ಎಂದರೆ ನೀರು. ಸರಕಾರದ ಬೊಕ್ಕಸವನ್ನು ಇಷ್ಟು ಕಾಲ ತುಂಬಿದ ವಸ್ತುವಿಗೆ ನೀರಿನ ಹೆಸರೇ ಬಂದಿರುವುದು ವಿನೋದಕರವಾಗಿದೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನಿದ್ದನು. ಧರ್ಮೇಶ್ವರಲಿಂಗವೆಂಬ ಅಂಕಿತದಿಂದ ಅವನು ರಚಿಸಿದ ಕೆಲವು ವಚನಗಳು ದೊರೆತಿವೆ. ಹೆಂಡ ಮಾರುವುದು ಅವನ ಕಾಯಕ. ಕೊಳ್ಳಲು ಬಂದವರಿಗೆ ಅದನ್ನು ಬಿಡುವಂತೆ ಬೋಧಿಸುತ್ತಿದ್ದನೆಂಬುದು ಪರಂಪರೆಯಿಂದ ಬಂದ ಕಥೆ. ಕಥೆಯನ್ನು ಇತಿಹಾಸವೆಂದು ನಾವು ಹಿಡಿಯುವುದಿಲ್ಲವಾದರೂ ಅದರಲ್ಲಿ ಒಂದು ಸೂಕ್ಷ್ಮವಿದೆ. ಅಲ್ಲಿ ಕುಡಿಯುವವನಿಗೆ ಬುದ್ಧಿ ಹೇಳುವವನು ಮಠದಲ್ಲಿಯಾಗಲಿ ಅರಮನೆಯಲ್ಲಿಯಾಗಲಿ ಕುಳಿತಿಲ್ಲ. ಅವನು ಅಂಗಡಿಯಲ್ಲಿಯೇ, ಗಡಿಗೆಗಳ ನಡುವೆಯೇ ಇದ್ದಾನೆ. ಈ ಸಂಗತಿಗೆ ನಾವು ಮುಂದೆ ಮರಳಿ ಬರುವೆವು.

ಬ್ರಿಟಿಷರ ಆಳಿಕೆಯಲ್ಲಿ ಈ ಪ್ರದೇಶವು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. 1878ರ ಮುಂಬಯಿ ಅಬಕಾರಿ ಕಾಯಿದೆಯು ಮದ್ಯದ ತಯಾರಿಕೆ ಮಾರಾಟಗಳನ್ನು ಪರವಾನಗಿಗೆ ಒಳಪಡಿಸಿ ಮರಗಳ ಮೇಲೆಯೂ ಕರ ಹಾಕಿತು. ಆ ಮೇಲಿನ ದಫ್ತರಗಳಲ್ಲಿ ಕಾಣುವುದು ಅಂಗಡಿಗಳ ಲೆಕ್ಕ, ಹರಾಜಿನ ಮೊತ್ತ, ಕದ್ದು ಇಳಿಸಿದವರ ಮೇಲಿನ ಮೊಕದ್ದಮೆ. ಕುಡಿಯುವವನು ಅಲ್ಲಿ ಉತ್ಪನ್ನದ ಒಂದು ಅಂಶವಾಗಿ ಮಾತ್ರ ಇದ್ದಾನೆ. ಕುಡಿತವನ್ನು ಬಿಟ್ಟನೆಂದರೆ ದಫ್ತರದಿಂದಲೇ ಮರೆಯಾಗುತ್ತಾನೆ.

ಸ್ವಾತಂತ್ರ್ಯ ಚಳವಳಿಯು ಈ ಅಂಗಡಿಯ ಬಾಗಿಲಿಗೆ ಬಂದು ನಿಂತುದು ಅಸಹಕಾರದ ಕಾಲದಲ್ಲಿ. 1921ರ ಜುಲೈ 1ರಂದು ಧಾರವಾಡದಲ್ಲಿ ಸೆರೆಯಂಗಡಿಯ ಮುಂದಿನ ಪಿಕೆಟಿಂಗಿನ ಸಂದರ್ಭದಲ್ಲಿ ಪೋಲೀಸರು ಗುಂಡು ಹಾರಿಸಿದರು, ಮೂವರು ಮೃತರಾದರು. ಜಕಣಿಬಾವಿಯ ಹತ್ತಿರದ ಆ ಘಟನೆಯನ್ನು ಕುರಿತು ಬಹಳ ಬರೆಹಗಳಿವೆ. ಸ್ವಯಂಸೇವಕರು ಯಾರು, ಆಜ್ಞೆ ಕೊಟ್ಟವರು ಯಾರು, ಮೊಕದ್ದಮೆಯಲ್ಲಿ ಸಿಲುಕಿದವರು ಯಾರು ಎಂಬುದೆಲ್ಲ ತಿಳಿದಿದೆ. ಆದರೆ ಅಂದು ಆ ಅಂಗಡಿಗೆ ಬಂದು ಬಾಗಿಲಲ್ಲಿ ತಡೆಯಲ್ಪಟ್ಟು ಹಿಂದಿರುಗಿದವನು ಮನೆಗೆ ಹೋದನೋ, ಹಿತ್ತಿಲ ಬಾಗಿಲಿಗೆ ಹೋದನೋ, ಅದನ್ನು ಬರೆದಿಟ್ಟವರಿಲ್ಲ. ಎಂಭತ್ತಾರು ವರ್ಷಗಳ ತರುವಾಯ, 2007ರ ಜುಲೈ 1ರಂದೇ, ಕರ್ನಾಟಕದಲ್ಲಿ ಸಾರಾಯಿ ಮಾರಾಟವು ನಿಷೇಧವಾಯಿತು. ದಿನಾಂಕದ ಈ ಸಾಮ್ಯವನ್ನು ಯಾರಾದರೂ ಬೇಕೆಂದು ಹೊಂದಿಸಿದಂತೆ ತೋರುವುದಿಲ್ಲ.

ಪಾನನಿಷೇಧದ ಕಾಯಿದೆಗಳ ಚರಿತ್ರೆ ಚೆನ್ನಾಗಿ ತಿಳಿದಿರುವುದರಿಂದ ಅದನ್ನು ಇಲ್ಲಿ ಬೇಗ ದಾಟುತ್ತೇವೆ. 1937ರಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಮಂತ್ರಿಮಂಡಲಗಳು ಈ ಕೆಲಸವನ್ನು ಕೈಗೊಂಡವು. ಮದರಾಸು ಪ್ರಾಂತದ ಸೇಲಂ ಜಿಲ್ಲೆಯಲ್ಲಿ ಅದೇ ವರ್ಷದ ಅಕ್ಟೋಬರ್ 1ರಿಂದ ನಿಷೇಧ ಜಾರಿಗೆ ಬಂದಿತು. ಮುಂಬಯಿ ನಗರದಲ್ಲಿ 1939ರ ಆಗಸ್ಟಿನಲ್ಲಿ. ಸೇಲಮ್ಮಿನಲ್ಲಿ ಅಧಿಕಾರಿಗಳು ಅಂಗಡಿಗಳನ್ನು ಮುಚ್ಚಿದುದಷ್ಟೇ ಅಲ್ಲದೆ ಚಹದ ಅಂಗಡಿ, ಭಜನೆ, ಆಟಪಾಟಗಳನ್ನು ಏರ್ಪಡಿಸಿದರೆಂಬುದು ನಮ್ಮ ವಿಷಯಕ್ಕೆ ಮುಖ್ಯವಾಗಿದೆ. ಖಾಲಿಯಾದ ಸಾಯಂಕಾಲಕ್ಕೆ ಏನಾದರೂ ತುಂಬಬೇಕೆಂಬ ಅರಿವು ಸರಕಾರಕ್ಕೆ ಅಲ್ಲಿ ಒಮ್ಮೆ ಉಂಟಾಗಿತ್ತು. ಸಂವಿಧಾನದ 47ನೆಯ ಅನುಚ್ಛೇದವು ನಿಷೇಧವನ್ನು ರಾಜ್ಯದ ಧ್ಯೇಯಗಳಲ್ಲಿ ಒಂದಾಗಿ ಸೇರಿಸಿತು. 1949ರ ಮುಂಬಯಿ ಪಾನನಿಷೇಧ ಕಾಯಿದೆಯ ಪ್ರಕಾರ 1950ರ ಏಪ್ರಿಲ್‌ನಿಂದ ರೋಣ ನರಗುಂದಗಳೂ ನಿಷೇಧದ ನಾಡಾದುವು.

ಆದರೆ ಭೂಗೋಳವನ್ನು ಕಾಯಿದೆ ಬದಲಿಸಲಾರದು. ಗಜೇಂದ್ರಗಡದ ಗುಡ್ಡಗಳ ಆಚೆ ಕುಷ್ಟಗಿ, ಯಲಬುರ್ಗಿ; ಅವು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ತಾಲ್ಲೂಕುಗಳು. ಅಬಕಾರಿಯು ಆ ಸಂಸ್ಥಾನದ ಮುಖ್ಯ ಆದಾಯಗಳಲ್ಲಿ ಒಂದಾಗಿದ್ದಿತು. 1956ರ ನವಂಬರ್ 1ರ ವರೆಗೆ ಒಂದೇ ಮಾತನ್ನಾಡುವ, ಒಂದೇ ಜೋಳವನ್ನುಣ್ಣುವ, ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತರುವ ಊರುಗಳ ನಡುವೆ ಒಂದು ಕಡೆ ನಿಷೇಧವೂ ಇನ್ನೊಂದು ಕಡೆ ಮಾರಾಟವೂ ನಡೆದಿದ್ದುವು. ಏಕೀಕರಣದ ಅನಂತರವೂ ಮುಂಬಯಿ ಪ್ರಾಂತದಿಂದ ಬಂದ ಜಿಲ್ಲೆಗಳಲ್ಲಿ ನಿಷೇಧ ಮುಂದುವರಿಯಿತು. 1967ರಲ್ಲಿ ಎಸ್. ನಿಜಲಿಂಗಪ್ಪನವರ ಸರಕಾರವು ಅದನ್ನು ಕೈಬಿಟ್ಟಿತು. 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹದ ಮುಂದಾಳಾಗಿದ್ದವರೂ ಅವರೇ. ಇದನ್ನು ವ್ಯಕ್ತಿಯ ದೋಷವೆಂದು ನಾವು ಎಣಿಸುವುದಿಲ್ಲ. ಮರ ಕಡಿಯುವುದರಿಂದ ಆರಂಭವಾದ ವಿಚಾರವು ಮನುಷ್ಯನ ಹತ್ತಿರಕ್ಕೆ ಬರುವಷ್ಟರಲ್ಲಿ ಸರಕಾರದ ಬೊಕ್ಕಸ ಅಡ್ಡ ನಿಂತಿತು ಎಂದಷ್ಟೇ ಹೇಳಬಹುದು.

ಕಾಯಿದೆ ಹೋದ ಎಂಟು ವರ್ಷಗಳಲ್ಲಿ ಗಜೇಂದ್ರಗಡದ ಈಶಾನ್ಯಕ್ಕಿರುವ ಇಳಕಲ್ಲಿನಲ್ಲಿ ಒಂದು ಹೊಸ ಪ್ರಯತ್ನ ತಲೆದೋರಿತು. ಚಿತ್ತರಗಿ ಸಂಸ್ಥಾನದ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಹಿಡಿದು ಹೊರಟರು. ಜಂಗಮನು ಜೋಳಿಗೆ ಹಿಡಿದು ಮನೆಯ ಮುಂದೆ ನಿಂತರೆ ಕಾಳು ಹಾಕುವುದು ಈ ನಾಡಿನ ರೂಢಿ. ಇವರು ಕಾಳನ್ನು ಬೇಡದೆ ಚಟವನ್ನು ಬೇಡಿದರು; ಕುಡಿತ, ತಂಬಾಕು ಮೊದಲಾದವುಗಳನ್ನು ಜೋಳಿಗೆಗೆ ಹಾಕಿಬಿಡಿರಿ ಎಂದರು. ನೇಕಾರರ ಓಣಿಗಳಲ್ಲಿ, ದಲಿತರ ಕೇರಿಗಳಲ್ಲಿ, ಜಾತ್ರೆಗಳಲ್ಲಿ ಆ ಜೋಳಿಗೆ ಸಂಚರಿಸಿತು. ನೆರೆಯ ರಾಜ್ಯಗಳಿಗೂ ಹೋಯಿತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. 2018ರಲ್ಲಿ ಅವರು ಲಿಂಗೈಕ್ಯರಾದರು.

ಜೋಳಿಗೆಯ ಬಲವೇನೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಕಾಯಿದೆಯು ಕುಡಿಯುವವನನ್ನು ಅಪರಾಧಿಯಾಗಿ ಕಂಡಿತು. ಜೋಳಿಗೆಯು ಅವನನ್ನು ದಾನಿಯಾಗಿ ಕಂಡಿತು. ಕೊಡುವವನ ಕೈ ಮೇಲಾಗಿರುತ್ತದೆ. ದುಡಿದುದನ್ನೆಲ್ಲ ಅಂಗಡಿಗೆ ಸುರಿದು ಮನೆಯವರೆದುರು ತಲೆಯೆತ್ತಲಾರದ ಮನುಷ್ಯನಿಗೆ, ಸ್ವಾಮಿಗಳೇ ಬಂದು ತನ್ನಲ್ಲಿ ಬೇಡಿದರೆಂಬುದು ಸಾಮಾನ್ಯವಾದ ಮಾತಲ್ಲ. ಕೊಟ್ಟುದನ್ನು ಮರಳಿ ತೆಗೆದುಕೊಳ್ಳುವುದು ಪಾಪವೆಂಬ ಭಾವನೆಯೂ ಅದರ ಹಿಂದೆ ಕೆಲಸ ಮಾಡುತ್ತಿತ್ತು. ಆದರೂ ಒಂದು ಕೊರತೆಯನ್ನು ಹೇಳದೆ ಗತ್ಯಂತರವಿಲ್ಲ. ಜೋಳಿಗೆ ಮುಂದಿನ ಊರಿಗೆ ಹೋಗುತ್ತದೆ. ವಚನ ಕೊಟ್ಟವನು ಅದೇ ಊರಿನಲ್ಲಿ, ಅದೇ ಅಂಗಡಿಯ ಓಣಿಯಲ್ಲಿ, ಅದೇ ಗೆಳೆಯರ ನಡುವೆ ಉಳಿಯುತ್ತಾನೆ. ಮೂರನೆಯ ದಿನದ ಸಾಯಂಕಾಲ ಕೈ ನಡುಗಹತ್ತಿದಾಗ ಅವನ ಬಳಿಯಲ್ಲಿ ಯಾರಿರುತ್ತಾರೆ?

ಈ ಪ್ರಶ್ನೆ ನಮ್ಮ ಸೀಮೆಯೊಂದರದೇ ಅಲ್ಲ. 1935ರ ಮೇ ತಿಂಗಳಲ್ಲಿ ಅಮೇರಿಕೆಯ ಓಹಾಯೋ ಸಂಸ್ಥಾನದ ಏಕ್ರನ್ ಪಟ್ಟಣದ ಒಂದು ಹೋಟೆಲಿನಲ್ಲಿ ಬಿಲ್ ವಿಲ್ಸನ್ ಎಂಬ ವ್ಯಾಪಾರಿಯೊಬ್ಬನು ನಿಂತಿದ್ದನು. ಕುಡಿತವನ್ನು ಬಿಟ್ಟು ಕೆಲವು ತಿಂಗಳುಗಳಾಗಿದ್ದುವು; ಅಂದು ವ್ಯವಹಾರ ಕೆಟ್ಟಿತ್ತು; ಹತ್ತಿರದಲ್ಲೇ ಪಾನಗೃಹದ ಸದ್ದು ಕೇಳುತ್ತಿತ್ತು. ಅವನು ಟೆಲಿಫೋನಿನ ಬಳಿಗೆ ಹೋಗಿ, ಊರಿನ ಪಾದ್ರಿಗಳ ಪಟ್ಟಿಯನ್ನು ನೋಡಿ, ತನ್ನಂತೆಯೇ ಕುಡಿತದಿಂದ ಕೆಟ್ಟ ಮತ್ತೊಬ್ಬನ ಭೆಟ್ಟಿ ಮಾಡಿಸಿರೆಂದು ಕೇಳಿದನು. ಉಪದೇಶ ಮಾಡುವವನು ಅವನಿಗೆ ಬೇಕಾಗಿರಲಿಲ್ಲ, ತನ್ನಂಥವನೇ ಬೇಕಾಗಿದ್ದನು. ಹಾಗೆ ದೊರೆತವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಅವರು ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘದ ಜನ್ಮದಿನವೆಂದು ಎಣಿಸುತ್ತಾರೆ. ಬಿಡಬೇಕೆಂಬ ಇಚ್ಛೆಯೊಂದೇ ಆ ಸಂಘಕ್ಕೆ ಸೇರುವವನ ಅರ್ಹತೆ. ಶುಲ್ಕವಿಲ್ಲ, ಹೊರಗಿನವರ ದಾನವನ್ನು ತೆಗೆದುಕೊಳ್ಳುವುದಿಲ್ಲ, ಸದಸ್ಯರ ಪೂರ್ಣ ಹೆಸರನ್ನು ಹೊರಗೆ ಹೇಳುವುದಿಲ್ಲ. ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ಅಲ್-ಅನಾನ್ ಎಂಬ ಬೇರೆ ಸಂಘವೇ ಹುಟ್ಟಿತು. ಇದಕ್ಕೂ ಮೊದಲು, 1840ರಲ್ಲಿ, ಬಾಲ್ಟಿಮೋರಿನಲ್ಲಿ ಆರು ಮಂದಿ ಕುಡುಕರು ಕೂಡಿ ಕಟ್ಟಿದ ವಾಷಿಂಗ್ಟನ್ ಸಂಘವು ಲಕ್ಷಾಂತರ ಪ್ರತಿಜ್ಞೆಗಳನ್ನು ಪಡೆದು, ರಾಜಕೀಯ ವಾದಗಳಲ್ಲಿ ಸಿಕ್ಕಿ, ಕೆಲವೇ ವರ್ಷಗಳಲ್ಲಿ ಲುಪ್ತವಾಗಿತ್ತು.

ಭಾರತದಲ್ಲಿ ಈ ಸಂಘದ ಸಭೆಗಳು 1957ರಲ್ಲಿ ಮುಂಬಯಿಯಲ್ಲಿ ಆರಂಭವಾದುವು. ಆಗ ಮುಂಬಯಿಯಲ್ಲಿ ಸಂಪೂರ್ಣ ನಿಷೇಧವಿತ್ತು ಎಂಬುದನ್ನು ವಾಚಕರು ಗಮನಿಸಬೇಕು. ಮದ್ಯವೇ ಇಲ್ಲವೆಂದು ಕಾಯಿದೆ ಹೇಳುತ್ತಿದ್ದ ನಗರದಲ್ಲಿ ಮದ್ಯವನ್ನು ಬಿಡಲಾರದವರು ಕೂಡಿ ಕುಳಿತುಕೊಳ್ಳಬೇಕಾಯಿತು. ನಿಷೇಧದ ಪಕ್ಷ ಪ್ರತಿಪಕ್ಷಗಳ ವಾದವಿವಾದಗಳಲ್ಲಿ ಈ ಒಂದು ಸಂಗತಿಗೆ ಸಲ್ಲಬೇಕಾದ ಸ್ಥಾನ ಸಂದಿಲ್ಲವೆಂದು ನಮ್ಮ ಅಭಿಪ್ರಾಯ.

ರೋಣ ಸೀಮೆಯ ಹಳ್ಳಿಗಳಿಗೆ ಹೊಂದುವ ಬಗೆಯ ಸಭೆ ಬಂದುದು ಬೇರೆ ದಾರಿಯಿಂದ. 1982ರಲ್ಲಿ ಪ್ರಾರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಬೆಳ್ತಂಗಡಿಯಿಂದ ಹೊರಟು ಕ್ರಮವಾಗಿ ಉತ್ತರದ ಜಿಲ್ಲೆಗಳಿಗೂ ಹಬ್ಬಿತು. ಅದರೊಡನೆ ಜನಜಾಗೃತಿ ವೇದಿಕೆಯೂ, ವೇದಿಕೆಯೊಡನೆ ಮದ್ಯವರ್ಜನ ಶಿಬಿರಗಳೂ ಬಂದುವು. ಶಿಬಿರವು ಸುಮಾರು ಎಂಟು ದಿನ. ಒಂದು ಕಲ್ಯಾಣಮಂಟಪದಲ್ಲಿಯೋ ಸಮುದಾಯಭವನದಲ್ಲಿಯೋ ಶಿಬಿರಾರ್ಥಿಗಳು ಅಲ್ಲಿಯೇ ಉಂಡು ಅಲ್ಲಿಯೇ ಮಲಗುತ್ತಾರೆ. ಊರಿನವರೇ ವ್ಯವಸ್ಥಾಪನ ಸಮಿತಿಯನ್ನು ಮಾಡಿಕೊಳ್ಳುತ್ತಾರೆ. ಯೋಗ, ಭಜನೆ, ಔಷಧೋಪಚಾರ, ಸಲಹೆ, ಮನೆಯವರೊಡನೆ ಮಾತು, ಕೊನೆಗೆ ಪ್ರತಿಜ್ಞೆ, ಹೀಗೆ ಅದರ ಕ್ರಮ. ನಮ್ಮ ದೃಷ್ಟಿಯಲ್ಲಿ ಮುಖ್ಯವಾದುದು ಒಂಬತ್ತನೆಯ ದಿನದಿಂದ ಆರಂಭವಾಗುತ್ತದೆ. ಶಿಬಿರದಿಂದ ಹೊರಬಂದವರು 'ನವಜೀವನ ಸಮಿತಿ' ಎಂಬ ಹೆಸರಿನಲ್ಲಿ ಕೂಡಿಕೊಂಡು ಗೊತ್ತಾದ ದಿನ ಸಭೆ ಸೇರುತ್ತಾರೆ. ನೂರು ದಿನ ತುಂಬಿದಾಗ ಶತದಿನೋತ್ಸವವೆಂದು ಸಮಾರಂಭ ಮಾಡುತ್ತಾರೆ. ಹೆಂಡದ ಮಾರಯ್ಯನ ಕಥೆಯಲ್ಲಿ ಕಂಡ ಸೂಕ್ಷ್ಮವು ಇಲ್ಲಿ ಬೇರೆ ರೂಪದಲ್ಲಿ ಮರಳಿ ಬಂದಿದೆ. ಮಾತನಾಡುವವನು ಗಡಿಗೆಯನ್ನು ಬಲ್ಲವನು.

ಅಮೇರಿಕೆಯ ಸಂಘಕ್ಕೂ ನಮ್ಮ ಸಮಿತಿಗಳಿಗೂ ಇರುವ ಮುಖ್ಯ ಭೇದವು ಹೆಸರಿನದು. ಅಲ್ಲಿ ಹೆಸರು ಗುಪ್ತ. ಇಲ್ಲಿ ವೇದಿಕೆಯ ಮೇಲೆ ದಂಪತಿಗಳನ್ನು ಕೂಡಿಸಿ ಮಾಲೆ ಹಾಕುತ್ತಾರೆ. ಈ ಭೇದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಹಳ್ಳಿಯಲ್ಲಿ ಯಾರು ಕುಡಿಯುತ್ತಾರೆಂಬುದು ಹುಡುಗರಿಗೂ ಗೊತ್ತು. ಕುಡಿತ ಬಹಿರಂಗವಾಗಿದ್ದಲ್ಲಿ ಬಿಟ್ಟುದೂ ಬಹಿರಂಗವಾಗಬೇಕೆಂದು ಮನೆಯವರು ಬಯಸುವುದು ಸಹಜ. ಆದರೆ ಪಟ್ಟಣದ ಕಾರಕೂನನೋ ಶಿಕ್ಷಕನೋ ಆದವನಿಗೆ ಇದೇ ಬಹಿರಂಗವು ಅಡ್ಡಿಯಾಗುತ್ತದೆ. ಅವನು ಕದವಿಕ್ಕಿ ಕುಡಿದವನು. ಕದವಿಕ್ಕಿಯೇ ಬಿಡಲು ಬಯಸುತ್ತಾನೆ. ಅವನಿಗೆ ಸಭೆ ಬೇಕಾದರೆ ಪರಿಚಿತರಿಲ್ಲದ ಊರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಈ ಲೇಖನದ ಸಿದ್ಧತೆಯಲ್ಲಿ ರೋಣದ ಸಮೀಪದ ಒಂದು ಹಳ್ಳಿಯ ಇಂಥದೊಂದು ಸಭೆಗೆ ಅಲ್ಲಿಯವರ ಒಪ್ಪಿಗೆಯಿಂದ ನಾವು ಹೋಗಿದ್ದೆವು. ಅದನ್ನು ಹುಡುಕುವುದೇ ಕಷ್ಟವಾಯಿತು. ಫಲಕವಿಲ್ಲ, ಬಸ್ ನಿಲ್ದಾಣದಲ್ಲಿ ಕೇಳಿದರೆ ಅಂಗಡಿಯ ದಾರಿಯನ್ನು ಮೂವರು ತೋರಿಸುವಂತಿದ್ದರು, ಸಭೆಯ ದಾರಿಯನ್ನು ಒಬ್ಬನೂ ಅರಿಯನು. ಕೊನೆಗೆ ಯೋಜನೆಯ ಸೇವಾಪ್ರತಿನಿಧಿಯಾದ ಒಬ್ಬ ಹೆಣ್ಣುಮಗಳು ಗುಡಿಯ ಹಿಂದಿನ ಕೋಣೆಯನ್ನು ತೋರಿಸಿದಳು. ಹತ್ತು ಹನ್ನೆರಡು ಮಂದಿ ಚಾಪೆಯ ಮೇಲೆ ಕುಳಿತಿದ್ದರು. ಭಜನೆಯಾಯಿತು, ಚಹ ಬಂದಿತು. ಒಬ್ಬನು ಎರಡು ವರ್ಷ ಬಿಟ್ಟಿದ್ದು, ಗುಳೆ ಹೋದ ಊರಿನಲ್ಲಿ ಮತ್ತೆ ಹಿಡಿದು, ಆ ವಾರವಷ್ಟೇ ಮರಳಿ ಬಂದಿದ್ದನು. ಯಾರೂ ಅವನನ್ನು ಬೈಯಲಿಲ್ಲ. ವಯಸ್ಸಾದ ಒಬ್ಬನು, 'ನಾ ಮೂರು ಸಲ ಬಿದ್ದೇನಿ, ನೀ ಒಂದs ಸಲ' ಎಂದನು. ನಾವು ಪುಸ್ತಕ ತೆಗೆದುದನ್ನು ನೋಡಿ ಆ ಮರಳಿ ಬಂದವನು, 'ಹೆಸರೊಂದು ಬರಕೋಬ್ಯಾಡ್ರಿ ಸರ, ಉಳಿದದ್ದು ಏನರ ಬರಕೋರಿ' ಎಂದನು. ಶತದಿನೋತ್ಸವದಲ್ಲಿ ಮಾಲೆ ಹಾಕಿಸಿಕೊಂಡವನೂ ಅವನೇ ಎಂದು ಆಮೇಲೆ ತಿಳಿಯಿತು. ಗೆದ್ದುದನ್ನು ಊರು ಕೇಳಲಿ, ಬಿದ್ದುದು ಚಾಪೆಯ ಮೇಲೆಯೇ ಉಳಿಯಲಿ ಎಂಬುದು ಅವನ ನ್ಯಾಯ. ಮೇಲೆ ಹೇಳಿದ ಭೇದವನ್ನು ನಾವು ತುಸು ಒರಟಾಗಿ ಹೇಳಿದೆವೆಂದು ಅಲ್ಲಿ ನಮಗೆ ತೋರಿತು.

ಗುಳೆಯ ಮಾತು ಬಂದುದರಿಂದ ಹೇಳುವುದಾದರೆ, ಈ ಸೀಮೆಯಲ್ಲಿ ಸಮಿತಿಗಳು ಶಿಥಿಲವಾಗುವುದಕ್ಕೆ ಅದೊಂದು ದೊಡ್ಡ ಕಾರಣ. ಮಳೆ ಕೈಕೊಟ್ಟ ವರ್ಷ ದುಡಿಯಲು ಗೋವೆಗೋ ಕರಾವಳಿಗೋ ಹೋದವನಿಗೆ ಅಲ್ಲಿ ಸಭೆಯಿಲ್ಲ, ಅಗ್ಗದ ಮದ್ಯವಿದೆ. ಇನ್ನೊಂದು ಸಂಗತಿಯನ್ನು ವೈದ್ಯರು ಒತ್ತಿ ಹೇಳುತ್ತಾರೆ. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ಬಿಟ್ಟರೆ ನಡುಕ, ಅಪಸ್ಮಾರದಂಥ ಸೆಳವು, ಚಿತ್ತಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆಣೆ ಮಾಡಿ ಅಂದೇ ಬಿಟ್ಟವರ ಕಥೆಗಳನ್ನು ನಾವು ಹೊಗಳುವಾಗ ಇದನ್ನು ಮರೆಯಲಾಗದು. ಅಂಥವನನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಗದಗಿನ ವೈದ್ಯಕೀಯ ವಿಜ್ಞಾನ ಸಂಸ್ಥೆಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೋ ಒಯ್ಯಬೇಕು, ಸಭೆ ಆಮೇಲಿನದು. 2022ರಿಂದ 14416 ಎಂಬ ಸಂಖ್ಯೆಗೆ ಟೆಲಿಫೋನು ಮಾಡಿದರೆ ಟೆಲಿ-ಮಾನಸ್ ಎಂಬ ಸರಕಾರದ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಏಕ್ರನ್ ಪಟ್ಟಣದ ಹೋಟೆಲಿನ ಟೆಲಿಫೋನಿಗೂ ಇದಕ್ಕೂ ಅಂತರವೇನೂ ಬಹಳವಿಲ್ಲ.

ಹೆಂಗಸರ ವಿಷಯದಲ್ಲಿ ನಮ್ಮ ಸಭೆಗಳು ಇನ್ನೂ ಹಿಂದಿವೆ. 2019ರ ಜನವರಿಯಲ್ಲಿ ಮದ್ಯನಿಷೇಧವನ್ನು ಕೇಳಿ ಉತ್ತರ ಕರ್ನಾಟಕದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಸುಮಾರು ಇನ್ನೂರು ಕಿಲೋಮೀಟರು ನಡೆಯಬಲ್ಲ ಆ ತಾಯಂದಿರಿಗೆ ತಮ್ಮ ಊರಿನಲ್ಲಿ, ತಮ್ಮಂಥ ನಾಲ್ವರೊಡನೆ ಕುಳಿತು ಮನೆಯ ಸಂಕಟವನ್ನು ಹೇಳಿಕೊಳ್ಳುವುದಕ್ಕೆ ಒಂದು ಚಾಪೆಯಿಲ್ಲ. ನಾವು ನೋಡಿದ ಸಭೆಯಲ್ಲಿ ಇಬ್ಬರು ಹೆಂಡಂದಿರು ಬಾಗಿಲ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು. ಅವರೂ ತಮ್ಮೊಳಗೆ ಮಾತನಾಡುತ್ತಿದ್ದರು. ನಮ್ಮನ್ನು ಕಂಡು ಸುಮ್ಮನಾದರು.

ಇತಿಹಾಸ ವಿಭಾಗಗಳು ಈ ಸಮಿತಿಗಳ ಹಾಜರಿ ಪುಸ್ತಕಗಳನ್ನು ಹೆಸರುಗಳನ್ನು ಮರೆಮಾಡಿ ಪ್ರತಿ ತೆಗೆದಿರಿಸುವುದು ಯೋಗ್ಯವೆಂದು ನಾವು ಸೂಚಿಸಬಯಸುತ್ತೇವೆ. 1878ರಿಂದ ಈಚೆಗೆ ಅಬಕಾರಿ ಇಲಾಖೆಯ ದಫ್ತರಗಳು ಕಪಾಟುಗಳನ್ನು ತುಂಬಿವೆ; ಅವುಗಳ ಎದುರು ಬದಿಯಲ್ಲಿಡಲು ಇರುವುದು ಇದೊಂದೇ ಸಾಮಗ್ರಿ. ನಾವು ನೋಡಿದ ಪುಸ್ತಕವು ಹಾಲಿನ ಲೆಕ್ಕ ಬರೆಯುವಂಥ ಉದ್ದನೆಯ ವಹಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ್ದರು. ಕೆಲವು ಸಾಲುಗಳು ತಿಂಗಳುಗಟ್ಟಲೆ ಖಾಲಿಯಾಗಿ ಮತ್ತೆ ತುಂಬಿದ್ದುವು. ಕೊನೆಯ ಹಾಳೆಗಳು ಮುಗಿಯುತ್ತ ಬಂದುದರಿಂದ ಮುಂದಿನ ಸಭೆಯೊಳಗಾಗಿ ಗಜೇಂದ್ರಗಡದಿಂದ ಹೊಸದೊಂದನ್ನು ತರಬೇಕೆಂದು ಅಂದು ಗೊತ್ತುಮಾಡಿ, ಆ ಕೆಲಸವನ್ನು ಗುಳೆಯಿಂದ ಮರಳಿದವನಿಗೆ ಒಪ್ಪಿಸಿದರು.